ಬ್ಯಾಂಡಿನ ಮುಂದೆ ನಿಂತು ಹಾಡುವವರು ಫ್ರೆಡ್ಡಿ ಮರ್ಕ್ಯುರಿಯಿಂದ ಕಲಿಯುವುದು ಹೇಗೆ

ಬ್ಯಾಂಡ್ ಕಟ್ಟಿಕೊಂಡು ಹಾಡೋಕೆ ಹೊರಟ ಹುಡುಗ ಹುಡುಗಿಯರು ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ಗಂಟಲು ಕೆಟ್ಟ ಮೇಲೆ. ನಾನು ಹಾಸನದಲ್ಲಿ ಸುಗಮ ಸಂಗೀತ ಹೇಳಿಕೊಡುವವಳು. ಅದಕ್ಕೂ ಮುಂಚೆ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಿದ್ದೆ. ಗಣಪತಿ ಪೆಂಡಾಲು, ಜಾತ್ರೆ, ಮದುವೆ ಆರತಕ್ಷತೆ, ಕಾಲೇಜ್ ಡೇ ಎಲ್ಲ ನೋಡಿದ್ದೇನೆ. ರಾಕ್ ನನ್ನ ಮನೆಯ ಸಂಗೀತ ಅಲ್ಲ. ಆದರೂ ಈ ಮಕ್ಕಳಿಗೆ ನಾನು ಒಬ್ಬ ರಾಕ್ ಗಾಯಕನನ್ನೇ ಪಾಠವಾಗಿ ಕೊಡುತ್ತೇನೆ. ಅವನು ಇಂಗ್ಲೆಂಡಿನ ಕ್ವೀನ್ ಬ್ಯಾಂಡಿನ ಫ್ರೆಡ್ಡಿ ಮರ್ಕ್ಯುರಿ.

ಅವನ ಹಾಗೆ ಕೂಗಿ ಅಂತ ನಾನು ಹೇಳುವುದಿಲ್ಲ. ಎಲ್ಲರೂ ಅವನ ಎತ್ತರದ ಸ್ವರದ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವನ ಹಂಚುವ ಬುದ್ಧಿ. ಯಾವ ಸಾಲು ತಾನು ಹಾಡಬೇಕು, ಯಾವುದನ್ನು ಜೊತೆಯವರಿಗೆ ಬಿಡಬೇಕು, ಯಾವುದನ್ನು ಜನರ ಕೈಗೆ ಕೊಡಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ನಿಲ್ಲುವವರು ಕಲಿಯಬೇಕಾದದ್ದು ಅದನ್ನೇ. ಹೇಗೆ ಕಲಿಯಬಹುದು ಅಂತ ನಾನು ಹೇಳಿಕೊಡುವ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ದನಿ ಮುಚ್ಚಿ ನೋಡಿ

1985ರ ಜುಲೈ 13. ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸಲು ನಡೆದ ಲೈವ್ ಏಡ್ ಕಾರ್ಯಕ್ರಮ. ಎದುರಿಗೆ ಸುಮಾರು 72,000 ಜನ. ಕ್ವೀನ್‌ಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಸುಪಾಸು. ಇದರ ವಿಡಿಯೊ ಸುಲಭವಾಗಿ ಸಿಗುತ್ತದೆ. ಮೊದಲ ಸಲ ದನಿ ಪೂರ್ತಿ ಮುಚ್ಚಿಬಿಟ್ಟು ನೋಡಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವನ ಕಣ್ಣು ಎಲ್ಲಿದೆ ಅಂತ ಬರೆಯಿರಿ. ಹತ್ತಿರದ ಸಾಲನ್ನು ಎಷ್ಟು ಸಲ ನೋಡುತ್ತಾನೆ, ದೂರದ ಗ್ಯಾಲರಿಯನ್ನು ಎಷ್ಟು ಸಲ ನೋಡುತ್ತಾನೆ? ಕೈ ಎತ್ತಿದಾಗ ಅರ್ಧಕ್ಕೆ ನಿಲ್ಲಿಸುತ್ತಾನಾ, ಪೂರ್ತಿ ಚಾಚುತ್ತಾನಾ? ನೀವೇ ನೋಡಿ, ಅರ್ಧ ಎತ್ತಿದ ಕೈ ಒಂದೂ ಸಿಗುವುದಿಲ್ಲ. ಬಿಳಿ ಬನಿಯನ್, ತಿಳಿ ನೀಲಿ ಜೀನ್ಸ್, ತೋಳಿಗೆ ಒಂದು ಪಟ್ಟಿ, ಇಷ್ಟೇ ಬಟ್ಟೆ. ಇನ್ನೂ ಬಿಸಿಲಿರುವ ಸಂಜೆ, ಬಣ್ಣದ ಲೈಟಿನ ಸಹಾಯವೂ ಇಲ್ಲ. ಎಲ್ಲವನ್ನೂ ಮೈಯಲ್ಲೇ ಮಾಡಬೇಕು.

ಇನ್ನೊಂದು ಗಮನಿಸಿ. ಶುರುವಿನಲ್ಲಿ ಅವನು ಓಡಿಬಂದು ವೇದಿಕೆಯ ಒಂದು ಸುತ್ತು ಹಾಕಿ ಪಿಯಾನೋ ಮುಂದೆ ಕೂರುತ್ತಾನೆ. ಮೊದಲ ಹಾಡನ್ನು ಕೂತುಕೊಂಡೇ ಹಾಡುತ್ತಾನೆ. ಆಮೇಲೆ ಏಳುತ್ತಾನೆ, ಮೈಕಿನ ಅರ್ಧ ಕೋಲು ಹಿಡಿದು ಓಡಾಡುತ್ತಾನೆ. ಹ್ಯಾಮರ್ ಟು ಫಾಲ್ ಹಾಡಿನಲ್ಲಿ ವೇದಿಕೆ ಮೇಲಿದ್ದ ಕ್ಯಾಮೆರಾದವರ ಜೊತೆ ಆಟ ಆಡುತ್ತಾನೆ. ಮುಂದಿನ ಹಾಡಿಗೆ ಗಿಟಾರ್ ನೇತುಹಾಕಿಕೊಂಡು ಒಂದು ಕಡೆ ನಿಲ್ಲುತ್ತಾನೆ. ಕೊನೆಗೆ ಮತ್ತೆ ಪಿಯಾನೋ. ಅಷ್ಟು ಓಡಿದವನಿಗೆ ಉಸಿರು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಕೂರುವ, ನಿಲ್ಲುವ, ಓಡುವ ಜಾಗಗಳನ್ನು ಹೀಗೆ ಬಿಡಿಸಿ ಇಟ್ಟುಕೊಂಡಿದ್ದರಿಂದ ಬಂತು.

ಈಗ ದನಿ ಹಾಕಿ ಎರಡನೆಯ ಸಲ ನೋಡಿ. ಬೊಹೀಮಿಯನ್ ರಾಪ್ಸಡಿ ಅವರ ಎಲ್ಲಕ್ಕಿಂತ ಹೆಸರುವಾಸಿ ಹಾಡು. ಅದನ್ನು ಅವನು ಪೂರ್ತಿ ಹಾಡಲೇ ಇಲ್ಲ! ಮೊದಲ ಭಾಗ ಮುಗಿಯುತ್ತಿದ್ದ ಹಾಗೇ ರೇಡಿಯೊ ಗಾಗಾ ಹಾಡಿಗೆ ಹೋಗಿಬಿಟ್ಟ. ವಿ ವಿಲ್ ರಾಕ್ ಯೂ ಕೂಡ ತುಂಡು ಮಾಡಿದ್ದೇ. ಅಷ್ಟು ಹೊತ್ತಿನಲ್ಲಿ ಆರು ಹಾಡು ಹಿಡಿಸಿದ್ದು ಹೀಗೆ. ಅದಕ್ಕೆ ಅವರು ಲಂಡನ್ನಿನ ಶಾ ಥಿಯೇಟರಿನಲ್ಲಿ ಮುಂಚೆಯೇ ಅಭ್ಯಾಸ ಮಾಡಿಕೊಂಡು ಬಂದಿದ್ದರು.

ನಿಮ್ಮ ಮನೆಗೆಲಸ ಇದು. ನಿಮ್ಮ ಬ್ಯಾಂಡಿನ ಹಾಡುಗಳಲ್ಲಿ ಇಪ್ಪತ್ತು ನಿಮಿಷದ ಒಂದು ಪಟ್ಟಿ ಮಾಡಿ. ಪ್ರತಿ ಹಾಡಿನಲ್ಲೂ ಏನು ಕತ್ತರಿಸಬಹುದು ನೋಡಿ. ಎರಡನೆಯ ಚರಣ ನಿಜವಾಗಲೂ ಬೇಕಾ? ಗಿಟಾರಿನವರ ಸೋಲೊ ಇಷ್ಟುದ್ದ ಇರಬೇಕಾ? ಹಾಡು ಹಾಡಿನ ನಡುವೆ ಮಾತು ಬೇಡ. ನಮ್ಮ ಕಡೆ ಕಾರ್ಯಕ್ರಮಗಳಲ್ಲಿ ಅರ್ಧ ಹೊತ್ತು ಶ್ರುತಿ ಮಾಡಿಕೊಳ್ಳುವುದರಲ್ಲಿ, ಮೈಕ್‌ಸೆಟ್‌ನವರಿಗೆ ಕೈಸನ್ನೆ ಮಾಡುವುದರಲ್ಲಿ ಹೋಗುತ್ತದೆ. ಜನ ಅಷ್ಟರಲ್ಲಿ ಚುರುಮುರಿ ಅಂಗಡಿ ಕಡೆ ತಿರುಗಿರುತ್ತಾರೆ. ಮೊಬೈಲಿನಲ್ಲಿ ಟೈಮರ್ ಇಟ್ಟು ಅಭ್ಯಾಸ ಮಾಡಿ. ಮೌನವೂ ಲೆಕ್ಕಕ್ಕೆ ಸೇರಬೇಕು.

ಆಮೇಲೆ ಅವನು ಮುಂದೆ ಬಂದ ದಾರಿ ನೋಡಿ

ಅವನ ಹುಟ್ಟು ಹೆಸರು ಫರೂಖ್ ಬಲ್ಸಾರಾ. 1946ರ ಸೆಪ್ಟೆಂಬರ್ 5ರಂದು ಆಫ್ರಿಕಾ ಪಕ್ಕದ ಜಾಂಜಿಬಾರ್ ದ್ವೀಪದ ಸ್ಟೋನ್ ಟೌನ್‌ನಲ್ಲಿ ಹುಟ್ಟಿದ. ಅಪ್ಪ ಬೋಮಿ, ಅಮ್ಮ ಜೆರ್. ಪಾರ್ಸಿ ಮನೆತನ, ಗುಜರಾತಿನ ವಲ್ಸಾಡ್ ಕಡೆಯವರು. ಅಪ್ಪ ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಕ್ಯಾಷಿಯರ್. ಎಂಟು ವರ್ಷದ ಹುಡುಗನನ್ನು ಓದಲು ಮಹಾರಾಷ್ಟ್ರದ ಪಂಚಗಣಿಗೆ, ಸೇಂಟ್ ಪೀಟರ್ಸ್ ಬೋರ್ಡಿಂಗ್ ಶಾಲೆಗೆ ಕಳಿಸಿದರು. ಅಲ್ಲಿ ಗೆಳೆಯರು ಫ್ರೆಡ್ಡಿ ಅಂತ ಕರೆಯೋಕೆ ಶುರು ಮಾಡಿದರು. ಪಿಯಾನೋ ಕಲಿತದ್ದೂ ಅಲ್ಲೇ. ಹನ್ನೆರಡನೆಯ ವಯಸ್ಸಿಗೆ ಗೆಳೆಯರ ಜೊತೆ ಹೆಕ್ಟಿಕ್ಸ್ ಅಂತ ಒಂದು ಬ್ಯಾಂಡ್ ಕಟ್ಟಿದ.

ಇಲ್ಲಿ ಸ್ವಲ್ಪ ನಿಲ್ಲಿ. ಆ ಶಾಲೆಯ ಬ್ಯಾಂಡಿನಲ್ಲಿ ಅವನು ಮುಖ್ಯ ಗಾಯಕ ಅಲ್ಲ. ಮುಂದೆ ನಿಂತು ಹಾಡುತ್ತಿದ್ದವನು ಬೇರೆ ಹುಡುಗ. ಫ್ರೆಡ್ಡಿ ಪಿಯಾನೋ ನುಡಿಸುತ್ತಾ ಹಿಂದಿನಿಂದ ದನಿ ಸೇರಿಸುತ್ತಿದ್ದ. ನಾನು ಇದನ್ನು ಪ್ರತಿ ಸಲ ಒತ್ತಿ ಹೇಳುತ್ತೇನೆ. ಒಂದು ವಾದ್ಯ ಕೈಗೆ ಬಂದವರಿಗೆ ಹಾಡಿನ ಒಳಗಿನ ಕಟ್ಟು ಕಾಣುತ್ತದೆ. ಹಾರ್ಮೋನಿಯಂ ಆದರೂ ಸರಿ, ಕೀಬೋರ್ಡ್ ಆದರೂ ಸರಿ. ಹಿಂದೆ ನಿಂತು ಒಂದೆರಡು ವರ್ಷ ಕೋರಸ್ ಹಾಡಿದವರಿಗೆ ಮುಂದಿನವರು ಏನು ಮಾಡುತ್ತಿದ್ದಾರೆ ಅನ್ನುವುದು ಅರ್ಥವಾಗುತ್ತದೆ. ಆರ್ಕೆಸ್ಟ್ರಾದಲ್ಲಿ ನನಗೂ ಕಲಿಕೆ ಆದದ್ದು ಕೋರಸ್ ಮೈಕಿನಲ್ಲೇ.

ಪಂಚಗಣಿ ನಮಗೆ ದೂರ ಅಲ್ಲ. ಬೆಳಗಾವಿ, ಕೊಲ್ಲಾಪುರ, ಸಾತಾರಾ ದಾಟಿ, ವಾಯಿ ಊರಿನ ಮೇಲೆ ಘಾಟಿ ಹತ್ತಿದರೆ ಸಿಗುತ್ತದೆ. ನಮ್ಮ ಕೃಷ್ಣಾ ನದಿ ಹುಟ್ಟುವುದು ಅಲ್ಲೇ ಪಕ್ಕದ ಮಹಾಬಲೇಶ್ವರದಲ್ಲಿ. ವೆಂಬ್ಲಿಯನ್ನು ಕುಣಿಸಿದ ಕೈ ಪಿಯಾನೋ ಮುಟ್ಟಿ ಕಲಿತದ್ದು ಅಂಥ ನೆಲದಲ್ಲಿ ಅಂತ ನೆನೆದರೆ ನನಗೆ ಬಹಳ ಖುಷಿ.

1963ರಲ್ಲಿ ಅವನು ಜಾಂಜಿಬಾರಿಗೆ ಮರಳಿದ. ಮರುವರ್ಷ ಜನವರಿಯಲ್ಲಿ ಅಲ್ಲಿ ಕ್ರಾಂತಿ ಆಯಿತು, ತುಂಬಾ ಜನ ಸತ್ತರು. ಈ ಮನೆಯವರು ಊರು ಬಿಟ್ಟು ಇಂಗ್ಲೆಂಡಿನ ಫೆಲ್ತಮ್ ಸೇರಿದರು. ಹದಿನೇಳರ ಹುಡುಗ, ಹೊಸ ದೇಶ. ಈಲಿಂಗ್ ಕಲಾ ಕಾಲೇಜಿನಲ್ಲಿ ಗ್ರಾಫಿಕ್ ಡಿಸೈನ್ ಓದಿ 1969ರಲ್ಲಿ ಮುಗಿಸಿದ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತ. ಮುಂದೆ ಕ್ವೀನ್‌ನಲ್ಲಿ ಡ್ರಮ್ಸ್ ನುಡಿಸಿದ ರೋಜರ್ ಟೇಲರ್ ಜೊತೆ ಕೆನ್ಸಿಂಗ್ಟನ್ ಮಾರ್ಕೆಟ್ಟಿನಲ್ಲಿ ಹಳೆ ಬಟ್ಟೆ ಮಾರಿದ. ಐಬೆಕ್ಸ್, ಸೋರ್ ಮಿಲ್ಕ್ ಸೀ ಅನ್ನುವ ಬ್ಯಾಂಡುಗಳಲ್ಲಿ ಹಾಡಿದ. ಎರಡೂ ಉಳಿಯಲಿಲ್ಲ.

ಆ ಹೊತ್ತಿಗೆ ಗಿಟಾರ್ ನುಡಿಸುವ ಬ್ರಯಾನ್ ಮೇ ಮತ್ತು ಟೇಲರ್ ಸ್ಮೈಲ್ ಅನ್ನುವ ಬ್ಯಾಂಡಿನಲ್ಲಿದ್ದರು. ಅದರ ಗಾಯಕ ಟಿಮ್ ಸ್ಟಾಫೆಲ್ ಫ್ರೆಡ್ಡಿಯ ಕಾಲೇಜು ಗೆಳೆಯ. ಫ್ರೆಡ್ಡಿ ಅವರ ಅಭ್ಯಾಸಕ್ಕೆ, ಕಾರ್ಯಕ್ರಮಕ್ಕೆ ಹೋಗಿ ಕೂರುತ್ತಿದ್ದ. ವೇದಿಕೆ ಮೇಲೆ ಹೀಗೆ ಮಾಡಿ, ಹಾಗೆ ಮಾಡಿ ಅಂತ ಸಲಹೆ ಕೊಡುತ್ತಿದ್ದ. 1970ರಲ್ಲಿ ಸ್ಟಾಫೆಲ್ ಬಿಟ್ಟರು, ಫ್ರೆಡ್ಡಿ ಸೇರಿದ. ಕ್ವೀನ್ ಅನ್ನುವ ಹೆಸರು ಅವನದೇ. ಲಾಂಛನವನ್ನೂ ಅವನೇ ಬಿಡಿಸಿದ. ನಾಲ್ವರ ರಾಶಿಗಳನ್ನೂ ಅದರಲ್ಲಿ ಸೇರಿಸಿದ. ಎರಡು ಸಿಂಹ, ಒಂದು ಏಡಿ, ಕನ್ಯಾರಾಶಿಗೆ ಇಬ್ಬರು ಕಿನ್ನರಿಯರು. 1971ರಲ್ಲಿ ಬೇಸ್ ಗಿಟಾರಿಗೆ ಜಾನ್ ಡೀಕನ್ ಬಂದರು. ಮೊದಲ ಆಲ್ಬಂ ಹೊರಬಂದದ್ದು 1973ರಲ್ಲಿ. ಅಂದರೆ ಬ್ಯಾಂಡ್ ಕಟ್ಟಿ ಮೂರು ವರ್ಷ ಕೈಯಲ್ಲಿ ಒಂದು ಆಲ್ಬಂ ಇಲ್ಲ. ಆರು ತಿಂಗಳಿಗೆ ಬೇಸರ ಮಾಡಿಕೊಂಡು ಬ್ಯಾಂಡ್ ಒಡೆಯುವವರು ಇದನ್ನು ಬರೆದಿಟ್ಟುಕೊಳ್ಳಿ.

ಆ ಅರ್ಧ ಮೈಕ್ ಕೋಲಿನ ಕಥೆಯೂ ಈ ಸಣ್ಣ ಬ್ಯಾಂಡುಗಳ ಕಾಲದ್ದು. ಹಾಡುತ್ತಿದ್ದಾಗ ಭಾರದ ಸ್ಟ್ಯಾಂಡ್ ಕಳಚಿಕೊಂಡು ಮೇಲಿನ ತುಂಡು ಕೈಗೆ ಬಂತು. ಅವನು ಹಾಡು ನಿಲ್ಲಿಸಲಿಲ್ಲ. ಕೊನೆಯವರೆಗೂ ಅದನ್ನು ಬಿಡಲೂ ಇಲ್ಲ. ಒಮ್ಮೆ ಅದು ಗಿಟಾರ್, ಒಮ್ಮೆ ಕೋಲು, ಒಮ್ಮೆ ಏನೂ ಅಲ್ಲ. ಕೈಗೆ ಒಂದು ಕೆಲಸ ಇದ್ದರೆ ಹೊಸಬರ ನಡುಕ ಕಡಿಮೆ ಆಗುತ್ತದೆ. ನಿಮಗೆ ಒಗ್ಗುವ ವಸ್ತು ಯಾವುದು ಅಂತ ಹುಡುಕಿ. ಅವನದನ್ನೇ ನಕಲು ಮಾಡಬೇಡಿ. ತಕ್ಷಣ ಗೊತ್ತಾಗಿಬಿಡುತ್ತದೆ.

ಗಂಟಲಿನ ವಿಷಯ

ಇದನ್ನು ನಿಧಾನವಾಗಿ ಓದಿ. ಜಾಸ್ತಿ ಜನ ಹಾಳಾಗುವುದು ಇಲ್ಲೇ.

2016ರಲ್ಲಿ ಕೆಲವು ವಿಜ್ಞಾನಿಗಳು ಅವನ ದನಿಯ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಸಂದರ್ಶನಗಳಲ್ಲಿ ಅವನು ಮಾತಾಡುವ ದನಿಯನ್ನು ಅಳೆದರು. ಅದು ಸುಮಾರು 117 ಹರ್ಟ್ಸ್. ಅಂದರೆ ಮಾತಿನಲ್ಲಿ ಅವನದು ಎತ್ತರದ್ದಲ್ಲದ, ಸಾಧಾರಣ ಗಂಡು ದನಿ. ಎತ್ತರದಲ್ಲಿ ಹಾಡಿದ್ದು ಕಟ್ಟಿಕೊಂಡ ಸಾಮರ್ಥ್ಯ. ಉದ್ದನೆಯ ಸ್ವರ ಹಿಡಿದಾಗ ಅದರಲ್ಲಿ ಬರುವ ಅಲುಗಾಟ (ವೈಬ್ರಾಟೊ) ಅವನಲ್ಲಿ ಸೆಕೆಂಡಿಗೆ ಸುಮಾರು 7 ಸಲ. ಶಾಸ್ತ್ರೀಯವಾಗಿ ಕಲಿತ ಗಾಯಕರದ್ದು ಸಾಮಾನ್ಯವಾಗಿ ಇದಕ್ಕಿಂತ ನಿಧಾನ. ಆ ಒರಟು, ಗರಗರ ದನಿ ಹೇಗೆ ಬರುತ್ತದೆ ಅಂತ ನೋಡಲು, ಅವನ ಹಾಗೆ ಹಾಡಬಲ್ಲ ಇನ್ನೊಬ್ಬ ರಾಕ್ ಗಾಯಕರ ಗಂಟಲನ್ನು ಸೆಕೆಂಡಿಗೆ 4,000ಕ್ಕೂ ಹೆಚ್ಚು ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ತೆಗೆದರು. ದನಿತಂತುಗಳ ಜೊತೆ ಅವುಗಳ ಮೇಲಿನ ಮಡಿಕೆಗಳೂ ಅದುರುತ್ತಿದ್ದವು. ಸಾಮಾನ್ಯವಾಗಿ ಮಾತಾಡುವಾಗ, ಹಾಡುವಾಗ ಆ ಮಡಿಕೆಗಳು ಸುಮ್ಮನಿರುತ್ತವೆ.

ಇದರಿಂದ ನಾನು ಹೇಳುವುದು ಇಷ್ಟು. ಆ ಒರಟುತನ ಅವನಿಗೆ ಒಗ್ಗಿದ್ದು. ಗಂಟಲು ಹಿಂಡಿ ಅದನ್ನು ತರೋಕೆ ಹೋಗಬೇಡಿ. ಅವನಿಗೂ ಅದು ಪುಕ್ಕಟೆ ಬರಲಿಲ್ಲ. ದನಿತಂತುಗಳ ಮೇಲೆ ಗಂಟುಗಳಾಗಿ ಅವನು ಕಷ್ಟಪಟ್ಟ. 1975ರ ಅಮೆರಿಕ ಪ್ರವಾಸದಲ್ಲಿ ಗಂಟಲಿನಿಂದಾಗಿ ಕೆಲವು ಕಾರ್ಯಕ್ರಮ ರದ್ದು ಮಾಡಬೇಕಾಯಿತು. ಅವನ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು. ತೆಗೆಸಿದರೆ ದನಿ ಬದಲಾದೀತು ಅಂತ ಹೆದರಿ ಕೊನೆಯವರೆಗೂ ಹಾಗೇ ಇಟ್ಟುಕೊಂಡ. ನಗುವಾಗ ಮೇಲ್ತುಟಿ ಎಳೆದು, ಕೈ ಅಡ್ಡ ಹಿಡಿಯುತ್ತಿದ್ದ. ಅಷ್ಟು ಜನರ ಮುಂದೆ ಎದೆ ಚಾಚಿ ನಿಲ್ಲುತ್ತಿದ್ದವನು ಇವನೇ.

ಈಗ ಎಲ್ಲಕ್ಕಿಂತ ಉಪಯೋಗದ ಮಾತು. ಒಂದೇ ಹಾಡಿನ ಸ್ಟುಡಿಯೊ ರೆಕಾರ್ಡಿಂಗ್ ಮತ್ತು ವೇದಿಕೆ ರೆಕಾರ್ಡಿಂಗ್ ಅಕ್ಕಪಕ್ಕ ಇಟ್ಟುಕೊಂಡು ಕೇಳಿ. ವಿ ಆರ್ ದ ಚಾಂಪಿಯನ್ಸ್ ಒಳ್ಳೆಯ ಆಯ್ಕೆ. ಸ್ಟುಡಿಯೊದಲ್ಲಿ ಮೇಲಕ್ಕೆ ಏರುವ ಜಾಗದಲ್ಲಿ, ವೇದಿಕೆ ಮೇಲೆ ಅವನು ಎಷ್ಟೋ ಸಲ ಕೆಳಗಿನ ಸ್ವರ ಹಿಡಿಯುತ್ತಾನೆ. ರಾಗವನ್ನೇ ಸ್ವಲ್ಪ ತಿರುಗಿಸುತ್ತಾನೆ. ಕೇಳುವವರಿಗೆ ಕೊರತೆ ಅನ್ನಿಸುವುದಿಲ್ಲ, ಯಾಕಂದರೆ ಆ ತಿರುವನ್ನು ಪೂರ್ತಿ ನಂಬಿಕೆಯಿಂದ ಹಾಡುತ್ತಾನೆ. ತೀರಾ ಎತ್ತರದ ಸ್ವರಗಳು ಯಾರದು ಗೊತ್ತಾ? ಡ್ರಮ್ಸ್ ಹಿಂದೆ ಕೂತ ರೋಜರ್ ಟೇಲರ್ ಅವರದು. ಲವ್ ಆಫ್ ಮೈ ಲೈಫ್ ಹಾಡನ್ನು ವೇದಿಕೆಗೆ ತಂದಾಗ ಶ್ರುತಿಯನ್ನೇ ಇಳಿಸಿದರು. ಪಿಯಾನೋ ಬದಲು ಬ್ರಯಾನ್ ಮೇ ಅವರ ಹನ್ನೆರಡು ತಂತಿಯ ಗಿಟಾರ್ ಬಂತು.

ಮೂಲ ಹಾಡಿನ ಶ್ರುತಿಯಲ್ಲೇ ಹಾಡಿದರೆ ಮಾತ್ರ ಮರ್ಯಾದೆ ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಆರ್ಕೆಸ್ಟ್ರಾದವರಲ್ಲೂ ಈ ಹಟ ಇದೆ. ಬಿಡಿ ಅದನ್ನು. ನಿಮ್ಮ ಬ್ಯಾಂಡಿನ ಪ್ರತಿ ಹಾಡಿಗೂ ಹೀಗೆ ಮಾಡಿ. ಮನೆಯಲ್ಲಿ, ಮೈಕ್ ಇಲ್ಲದೆ, ಮೂರು ಸಲ ಸಾಲಾಗಿ ಹಾಡಿ. ಮೂರನೆಯ ಸಲ ಎತ್ತರದ ಜಾಗದಲ್ಲಿ ಕತ್ತಿನ ನರ ಉಬ್ಬಿದರೆ ಶ್ರುತಿಯನ್ನು ಒಂದು ಮನೆ (ಕೀಬೋರ್ಡಿನ ಒಂದು ಕೀ) ಕೆಳಗಿಳಿಸಿ. ಮತ್ತೆ ಮೂರು ಸಲ. ಸಲೀಸಾಗುವವರೆಗೂ ಇಳಿಸುತ್ತಾ ಬನ್ನಿ. ಗಿಟಾರಿನವರು ಗೊಣಗಬಹುದು, ತಂತಿಗಳ ಶ್ರುತಿ ಇಳಿಸಿಕೊಳ್ಳಲಿ. ಕಾರ್ಯಕ್ರಮದ ದಿನ ಬೆಳಗ್ಗೆಯಿಂದ ಜೋರು ಮಾತು ಬೇಡ. ಮಾನಿಟರ್‌ನಲ್ಲಿ (ವೇದಿಕೆ ಮೇಲೆ ನಿಮ್ಮ ಕಡೆ ತಿರುಗಿರುವ ಸ್ಪೀಕರ್) ನಿಮ್ಮ ದನಿ ನಿಮಗೆ ಕೇಳದಿದ್ದರೆ ಕೂಗೋಕೆ ಶುರು ಮಾಡುತ್ತೀರಿ, ಅದಕ್ಕೇ ಸೌಂಡ್ ಚೆಕ್‌ಗೆ ಹೊತ್ತಿಗೆ ಮುಂಚೆ ಹೋಗಿ. ದನಿ ಒಡಕು ಎರಡು ಮೂರು ವಾರ ಹಾಗೇ ಉಳಿದರೆ ಮನೆಮದ್ದು ನಿಲ್ಲಿಸಿ, ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಹೋಗಿ.

ಹೆಡ್‌ಫೋನ್ ಹಾಕಿ ಒಂದು ಸಂಜೆ

ಬೊಹೀಮಿಯನ್ ರಾಪ್ಸಡಿ 1975ರದ್ದು. 5 ನಿಮಿಷ 55 ಸೆಕೆಂಡ್. ರೆಕಾರ್ಡಿಂಗ್ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ ಶುರುವಾಯಿತು. ಇಷ್ಟುದ್ದದ ಹಾಡನ್ನು ರೇಡಿಯೊದವರು ಹಾಕುವುದಿಲ್ಲ ಅಂತ ಹೇಳಿದವರಿದ್ದರು. ರೇಡಿಯೊದ ಕೆನ್ನಿ ಎವರೆಟ್ ಒಂದೇ ವಾರಾಂತ್ಯದಲ್ಲಿ 14 ಸಲ ಹಾಕಿದರು. ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು.

ಇದನ್ನು ಮೂರು ಬಾರಿ ಕೇಳಿ. ಮೊದಲು ಬರೀ ಪಿಯಾನೋ ಹಿಡಿದು ಹೋಗಿ. ನುಡಿಸುವುದು ಫ್ರೆಡ್ಡಿ. ಎರಡನೆಯ ಸಲ ಬೇಸ್ ಗಿಟಾರ್. ಮೂರನೆಯ ಸಲ ನಡುವಿನ ಆಪೆರಾ (ಪಾಶ್ಚಾತ್ಯ ಸಂಗೀತ ನಾಟಕ) ರೀತಿಯ ಭಾಗದಲ್ಲಿ ಎಷ್ಟು ದನಿಗಳಿವೆ ಅಂತ ಬಿಡಿಸೋಕೆ ಪ್ರಯತ್ನಿಸಿ. ದೊಡ್ಡ ಗಾಯಕವೃಂದ ಅನ್ನಿಸುತ್ತದೆ, ಅಲ್ವಾ? ಹಾಡಿದವರು ಮೂರೇ ಜನ. ಫ್ರೆಡ್ಡಿ, ಮೇ, ಟೇಲರ್. 24 ಟ್ರ್ಯಾಕಿನ ಟೇಪಿನ ಮೇಲೆ ಒಂದರ ಮೇಲೊಂದು ಹಾಡಿ, ಸೇರಿಸಿ, ಮತ್ತೆ ಹಾಡಿ ಹಾಗೆ ಮಾಡಿದರು. ಟೇಪ್ ಓಡಿ ಓಡಿ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತಂತೆ. ಮರುವರ್ಷದ ಸಮ್‌ಬಡಿ ಟು ಲವ್ ಹಾಡಿನಲ್ಲೂ ಇದೇ ಮೂವರು. ಅಮೆರಿಕದ ಕರಿಯರ ಚರ್ಚುಗಳಲ್ಲಿ ಹಾಡುವ ಗಾಸ್ಪೆಲ್ ರೀತಿಯನ್ನು ಅದರಲ್ಲಿ ತಂದರು. ಆ ರೀತಿಯಲ್ಲಿ ಹಾಡುತ್ತಿದ್ದ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಅಂದರೆ ಫ್ರೆಡ್ಡಿಗೆ ಅಷ್ಟು ಇಷ್ಟ. ನನಗೆ ರಾಪ್ಸಡಿಗಿಂತ ಇದೇ ಒಂದು ಕೈ ಮೇಲು. ಒಬ್ಬ ಬೇಡುತ್ತಾನೆ, ಉಳಿದವರು ಅವನ ಬೇಡಿಕೆಗೆ ದನಿ ಕೂಡಿಸುತ್ತಾರೆ. ನನ್ನ ಕಣ್ಣು ಒದ್ದೆ ಆಗದೆ ಆ ಹಾಡು ಮುಗಿದದ್ದು ಕಡಿಮೆ.

ಮನೆಗೆಲಸ: ನಿಮ್ಮ ಬ್ಯಾಂಡಿನ ಮೂರು ಜನ ಕೂತು ಒಂದು ಪಲ್ಲವಿಯನ್ನು ಮೊಬೈಲಿನ ಯಾವುದಾದರೂ ಬಹುಟ್ರ್ಯಾಕ್ ರೆಕಾರ್ಡಿಂಗ್ ಆಪ್‌ನಲ್ಲಿ ಹಾಡಿ. ಮೊದಲು ಮೂವರೂ ಒಂದೇ ಸ್ವರ. ಆಮೇಲೆ ಒಬ್ಬರು ಮೇಲೆ, ಒಬ್ಬರು ಕೆಳಗೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಕೊನೆಯ ಅಕ್ಷರವನ್ನು ಎಲ್ಲಿ ಮುಗಿಸಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಕೊನೆಯ ಅಕ್ಷರ ಮೂವರದ್ದೂ ಒಟ್ಟಿಗೆ ನಿಂತರೆ ಆ ದಿನಕ್ಕೆ ಸಾಕು.

ಹಾಡನ್ನು ಜನರ ಕೈಗೆ ಕೊಡುವುದು

1977ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್ ಊರಿನ ಬಿಂಗ್ಲಿ ಹಾಲ್‌ನಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಜನ ಹೊರಡದೆ ತಾವೇ ಹಾಡೋಕೆ ಶುರು ಮಾಡಿದರು. ಬ್ರಯಾನ್ ಮೇ ಅವರನ್ನು ಅದು ತುಂಬಾ ಯೋಚನೆಗೆ ಹಚ್ಚಿತು. ಒತ್ತೊತ್ತಾಗಿ ನಿಂತ ಜನ ಏನು ಮಾಡಬಹುದು? ಕಾಲು ಕುಟ್ಟಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಅದರಿಂದ ವಿ ವಿಲ್ ರಾಕ್ ಯೂ ಹುಟ್ಟಿತು. ಎರಡು ಕುಟ್ಟು, ಒಂದು ಚಪ್ಪಾಳೆ. ವಿ ಆರ್ ದ ಚಾಂಪಿಯನ್ಸ್ ಫ್ರೆಡ್ಡಿ ಬರೆದದ್ದು, ಅದೂ ಜನ ಸೇರಿ ಹಾಡಲಿ ಅಂತಲೇ. 1981ರಲ್ಲಿ ಬ್ರೆಜಿಲಿನ ಸಾವೊ ಪಾಲೊದ ಮೊರುಂಬಿ ಸ್ಟೇಡಿಯಂನಲ್ಲಿ 1,31,000 ಜನ. ಅವರ ಮಾತೃಭಾಷೆ ಪೋರ್ಚುಗೀಸ್. ಲವ್ ಆಫ್ ಮೈ ಲೈಫ್ ಬಂದಾಗ ಇಂಗ್ಲಿಷ್ ಸಾಲುಗಳನ್ನು ಅವರೇ ಹಾಡಿದರು. ಫ್ರೆಡ್ಡಿ ಸುಮ್ನೆ ಕೇಳುತ್ತಾ ನಿಂತ.

ಲೈವ್ ಏಡ್‌ನಲ್ಲಿ ರೇಡಿಯೊ ಗಾಗಾ ಆದ ಮೇಲೆ ಅವನು "ಏ... ಓ" ಅಂತ ಕೂಗಿ ಜನರಿಂದ ಕೂಗಿಸುವ ಭಾಗ ಇದೆ. ಅದನ್ನು ಬಿಡಿಸಿ ನೋಡಿ. ಮೊದಲ ಕೂಗು ಚಿಕ್ಕದು, ಯಾರು ಬೇಕಾದರೂ ಹೇಳಬಹುದಾದದ್ದು. ಕೂಗಿದ ತಕ್ಷಣ ನಿಲ್ಲುತ್ತಾನೆ. ಪೂರ್ತಿ ನಿಲ್ಲುತ್ತಾನೆ. ಜನರಿಗೆ ಜಾಗ ಬಿಡುತ್ತಾನೆ. ಆಮೇಲೆ ಸ್ವಲ್ಪ ಉದ್ದ, ಸ್ವಲ್ಪ ತಿರುವು, ಒಂದು ದೀರ್ಘ ಸ್ವರ. ಜನಕ್ಕೆ ಇನ್ನೂ ಆಸೆ ಇರುವಾಗಲೇ ಮುಗಿಸುತ್ತಾನೆ.

ಇದು ನಮಗೆ ಗೊತ್ತಿರುವ ವಿದ್ಯೆಯೇ. ಭಜನೆಯಲ್ಲಿ ಮುಂದಿನವರು ಒಂದು ಸಾಲು ಹೇಳಿ ಬಿಡುವುದಿಲ್ಲವೇ? ಒಳ್ಳೆಯ ಭಜನೆ ಹೇಳುವವರು ಸಂಗತಿ ಹಾಕಿ ತೋರಿಸುವುದಿಲ್ಲ. ಅಜ್ಜಿಗೂ ಮಗುವಿಗೂ ಬರುವ ಹಾಗೆ ಹೇಳುತ್ತಾರೆ. ವೇದಿಕೆ ಮೇಲೆ ಜನರಿಂದ ಹಾಡಿಸಬೇಕಾದರೆ ನೀವೂ ಹಾಗೇ ಮಾಡಿ. ನಾಲ್ಕೈದು ಸ್ವರದ ಒಂದು ತುಂಡು ಆರಿಸಿ. ಅದು ನಿಮ್ಮ ನಡು ಸ್ಥಾಯಿಯಲ್ಲಿರಲಿ, ಹೆಂಗಸರಿಗೂ ಗಂಡಸರಿಗೂ ಎಟುಕಲಿ. ಹೇಳಿಕೊಟ್ಟ ಮೇಲೆ ಮೈಕನ್ನು ಬಾಯಿಂದ ದೂರ ಸರಿಸಿ. ಉತ್ತರ ಸಣ್ಣದಾಗಿ ಬಂದರೆ ಜನರನ್ನು ಬೈಯಬೇಡಿ. "ಏನ್ರೀ, ಊಟ ಮಾಡಿಲ್ವಾ" ಅನ್ನುವ ಮಾತು ನಮ್ಮ ಕಡೆ ಎಷ್ಟು ಸವೆದಿದೆ! ಅದೇ ತುಂಡನ್ನು ನಗುತ್ತಾ ಇನ್ನೊಮ್ಮೆ ಹಾಡಿ. ಹಿಂದಿನ ಸಾಲಿನಲ್ಲಿ ನಿಂತ ಒಬ್ಬರನ್ನು ಆರಿಸಿಕೊಂಡು ಅವರಿಗೆ ಹಾಡಿ. ಮುಂದಿನವರಿಗೆ ಅದು ಹೇಗೂ ತಲುಪುತ್ತದೆ.

ಬ್ಯಾಂಡ್ ಉಳಿಸಿಕೊಳ್ಳುವ ಲೆಕ್ಕ

ಇದು ಹಾಡಿನ ವಿಷಯ ಅಲ್ಲ, ಆದರೂ ಕೂತು ಮಾತಾಡಲೇಬೇಕಾದದ್ದು. ಕ್ವೀನ್‌ನಲ್ಲಿ ನಾಲ್ವರೂ ಹಾಡು ಬರೆಯುತ್ತಿದ್ದರು. ಬರೆದವರಿಗೆ ಹಣ. ಬೊಹೀಮಿಯನ್ ರಾಪ್ಸಡಿ ರೆಕಾರ್ಡಿನ ಹಿಂಬದಿಯಲ್ಲಿ ಟೇಲರ್ ಬರೆದ ಹಾಡಿತ್ತು. ಮುಂಬದಿಯ ಹಾಡಿಗಾಗಿಯೇ ಜನ ರೆಕಾರ್ಡ್ ಕೊಂಡರೂ ಹಿಂಬದಿಯ ಹಾಡಿಗೂ ಅಷ್ಟೇ ಹಣ ಬಂತು. ಇದು ಅವರ ನಡುವೆ ಬಹಳ ಕಾಲ ಜಗಳದ ವಿಷಯವಾಗಿತ್ತು. 1989ರ ದ ಮಿರಕಲ್ ಆಲ್ಬಂನಿಂದ ಅವರು ಎಲ್ಲ ಹಾಡನ್ನೂ ನಾಲ್ವರ ಹೆಸರಿಗೆ, ಕ್ವೀನ್ ಅಂತ ಹಾಕಿದರು. ನೀವು ಅಷ್ಟು ವರ್ಷ ಕಾಯಬೇಡಿ. ಮೊದಲ ಹಾಡು ಹಾಕುವ ಮುಂಚೆಯೇ ಯಾರ ಹೆಸರು, ಎಷ್ಟು ಪಾಲು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗೆಳೆತನ ಇದೆಯಲ್ಲ ಅಂತ ಬಿಡಬೇಡಿ, ಗೆಳೆತನ ಉಳಿಯಲಿ ಅಂತಲೇ ಬರೆಯಿರಿ.

ಬ್ಯಾಂಡ್ ಬಿಟ್ಟು ಹೊರಗೆ ಹಾಡುವ ಆಸೆ ಎಲ್ಲರಿಗೂ ಬರುತ್ತದೆ. ಅವನಿಗೂ ಬಂತು. 1985ರಲ್ಲಿ ಮಿಸ್ಟರ್ ಬ್ಯಾಡ್ ಗೈ ಅನ್ನುವ ಸ್ವಂತ ಆಲ್ಬಂ ಮಾಡಿದ. 1988ರಲ್ಲಿ ಸ್ಪೇನಿನ ದೊಡ್ಡ ಆಪೆರಾ ಗಾಯಕಿ ಮೊಂಟ್ಸೆರಾಟ್ ಕಬಾಯೆ ಅವರ ಜೊತೆ ಬಾರ್ಸಿಲೋನಾ ಆಲ್ಬಂ ಬಂತು. ಮೊದಲನೆಯದನ್ನು ಕೇಳದಿದ್ದರೂ ನಡೆಯುತ್ತದೆ. ಎರಡನೆಯದನ್ನು ಖಂಡಿತ ಕೇಳಿ, ಅದರಲ್ಲೂ ಶಾಸ್ತ್ರೀಯ ಕಲಿಯುತ್ತಿರುವವರು. ತನ್ನದಲ್ಲದ ಸಂಗೀತದ ಮುಂದೆ ಅವನು ಎಷ್ಟು ಗೌರವದಿಂದ ನಿಲ್ಲುತ್ತಾನೆ, ಆದರೂ ತನ್ನ ದನಿ ಬಿಟ್ಟುಕೊಡುವುದಿಲ್ಲ.

ಕೊನೆಯ ಹಾಡುಗಳನ್ನು ಕೇಳುವಾಗ

ಅವನ ಬಗ್ಗೆ 2018ರಲ್ಲಿ ಬಂದ ಬೊಹೀಮಿಯನ್ ರಾಪ್ಸಡಿ ಸಿನಿಮಾ ನೋಡಿ ತುಂಬಾ ಮಕ್ಕಳು ಬರುತ್ತಾರೆ. ಅದರಲ್ಲಿ ಲೈವ್ ಏಡ್‌ಗೆ ಮುಂಚೆಯೇ ಅವನಿಗೆ ಏಡ್ಸ್ ಇರುವುದು ಗೊತ್ತಾಗುವ ಹಾಗೆ ತೋರಿಸಿದ್ದಾರೆ. ನಿಜದಲ್ಲಿ ಅದು ಖಚಿತವಾದದ್ದು 1987ರಲ್ಲಿ. ಫ್ರೆಡ್ಡಿ ಕ್ವೀನ್ ಜೊತೆ ಕೊನೆಯ ಕಾರ್ಯಕ್ರಮ ಕೊಟ್ಟದ್ದು 1986ರ ಆಗಸ್ಟ್ 9ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ. ಆಮೇಲೆ ಅವನು ಪ್ರವಾಸ ನಿಲ್ಲಿಸಿ ಸ್ಟುಡಿಯೊಗೆ ಸೇರಿಕೊಂಡ. ಈ ಕ್ರಮ ಸರಿಯಾಗಿ ತಿಳಿದಿದ್ದರೆ ಕೊನೆಯ ಆಲ್ಬಂಗಳು ಬೇರೆಯೇ ಥರ ಕೇಳುತ್ತವೆ.

1991ರ ಇನ್ಯುಎಂಡೊ ಆಲ್ಬಂ ತೆಗೆದುಕೊಳ್ಳಿ. ದ ಶೋ ಮಸ್ಟ್ ಗೋ ಆನ್ ಹಾಡುವ ಹೊತ್ತಿಗೆ ಅವನಿಗೆ ನಡೆಯುವುದೇ ಕಷ್ಟವಾಗಿತ್ತು. ಅಷ್ಟು ಎತ್ತರ ಹಾಡಬಲ್ಲನಾ ಅಂತ ಬ್ರಯಾನ್ ಮೇ ಅವರಿಗೆ ಅನುಮಾನ. ಒಂದು ಗುಟುಕು ವೋಡ್ಕಾ ಕುಡಿದು ಹಾಡಿ ಮುಗಿಸಿದ ಅಂತ ಅವರೇ ಹೇಳಿದ್ದಾರೆ. ಕುಡಿದದ್ದನ್ನು ಪಾಠ ಅಂತ ಹಿಡಿಯಬೇಡಿ, ಮದ್ಯ ಗಂಟಲನ್ನು ಒಣಗಿಸುತ್ತದೆ. ಕಾಲಿನಲ್ಲಿ ಶಕ್ತಿ ಇಲ್ಲದಾಗಲೂ ಉಸಿರಿನ ಹಿಡಿತ ಉಳಿದಿತ್ತಲ್ಲ, ಅದನ್ನು ಕೇಳಿಸಿಕೊಳ್ಳಿ. ಅದೇ ಆಲ್ಬಂನಲ್ಲಿ ತನ್ನ ಬೆಕ್ಕು ಡಿಲೈಲಾ ಮೇಲೆ ಒಂದು ಹಾಡನ್ನೂ ಬರೆದ. ಸಾವು ಹತ್ತಿರ ಇದ್ದಾಗಲೂ ಬೆಕ್ಕಿನ ತುಂಟಾಟ ಹಾಡುವ ಮನಸ್ಸು ಇತ್ತು.

ಕೊನೆಯ ರೆಕಾರ್ಡಿಂಗ್‌ಗಳು ಸ್ವಿಟ್ಜರ್ಲೆಂಡಿನ ಮೊಂಟ್ರೋ ಊರಿನಲ್ಲಿ ಆದವು. ಮದರ್ ಲವ್ ಹಾಡಿನ ಕೊನೆಯ ಚರಣ ಅವನಿಂದ ಆಗಲಿಲ್ಲ. ಆಮೇಲೆ ಅದನ್ನು ಬ್ರಯಾನ್ ಮೇ ಹಾಡಿದರು. 1995ರಲ್ಲಿ ಬಂದ ಮೇಡ್ ಇನ್ ಹೆವನ್ ಆಲ್ಬಂನಲ್ಲಿ ಇದೆ. ದನಿ ಬದಲಾಗುವ ಆ ಜಾಗದ ಬಗ್ಗೆ ನಾನು ತರಗತಿಯಲ್ಲಿ ಏನೂ ಹೇಳುವುದಿಲ್ಲ. ಕೇಳಿಸುತ್ತೇನೆ ಅಷ್ಟೇ.

1991ರ ನವೆಂಬರ್ 23ರಂದು ತನಗೆ ಏಡ್ಸ್ ಇದೆ ಅಂತ ಹೇಳಿಕೆ ಕೊಟ್ಟ. ಮರುದಿನ ಕೆನ್ಸಿಂಗ್ಟನ್ನಿನ ಮನೆಯಲ್ಲಿ ತೀರಿಹೋದ. 45 ವರ್ಷ. ಅಂತ್ಯಕ್ರಿಯೆಯನ್ನು ಪಾರ್ಸಿ ಪುರೋಹಿತರು ನಡೆಸಿದರು. ಈ ಕಾಯಿಲೆಗೆ ಪರಿಣಾಮ ಕೊಡುವ ಜೋಡಿ ಔಷಧಿಗಳು ಬಂದದ್ದು 1996ರ ಹೊತ್ತಿಗೆ. ಈಗ ನಮ್ಮ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರಗಳಲ್ಲಿ ಈ ಔಷಧಿ ಉಚಿತ. ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಜನ ತುಂಬಾ ವರ್ಷ ಚೆನ್ನಾಗಿ ಬದುಕುತ್ತಾರೆ. ನನ್ನ ತರಗತಿಯಲ್ಲಿ ಇದನ್ನು ಬಿಡದೆ ಹೇಳುತ್ತೇನೆ. ಕಾಯಿಲೆಯ ಹೆಸರು ಹಿಡಿದು ಅವನನ್ನು ಆಡಿಕೊಳ್ಳುವವರು ಇನ್ನೂ ಇದ್ದಾರೆ. ನನ್ನ ಮನೆಯಲ್ಲಿ ಅದಕ್ಕೆ ಜಾಗ ಇಲ್ಲ.

ಇಷ್ಟೆಲ್ಲ ಒಂದೇ ವಾರದಲ್ಲಿ ಮಾಡೋಕೆ ಹೋಗಬೇಡಿ. ಮೊದಲ ವಾರ ಲೈವ್ ಏಡ್ ಮತ್ತು ಇಪ್ಪತ್ತು ನಿಮಿಷದ ಪಟ್ಟಿ. ಎರಡನೆಯ ವಾರ ಶ್ರುತಿ ಇಳಿಸುವ ಕೆಲಸ. ಆಮೇಲೆ ಮೂರು ದನಿಯ ಪಲ್ಲವಿ. ಜನರಿಂದ ಹಾಡಿಸುವುದನ್ನು ಮೊದಲು ನಿಮ್ಮ ಓಣಿಯ ಗಣಪತಿ ಮುಂದೆ, ಗುರುತಿನವರ ನಡುವೆ ಮಾಡಿ ನೋಡಿ. ಪೂರ್ತಿ ಕಾರ್ಯಕ್ರಮ ಹೇಗಿರುತ್ತದೆ ಅಂತ ನೋಡಬೇಕಾದರೆ 1986ರ ಜುಲೈನ ವೆಂಬ್ಲಿ ಮತ್ತು ಬುಡಾಪೆಸ್ಟ್ ರೆಕಾರ್ಡಿಂಗ್‌ಗಳು ಇವೆ. ಮುಂದಿನ ಅಭ್ಯಾಸಕ್ಕೆ ಸೇರಿದಾಗ ನಿಮ್ಮ ಡ್ರಮ್ಸ್ ನುಡಿಸುವವರ ಮುಂದೆಯೂ ಒಂದು ಮೈಕ್ ಇಟ್ಟು ಹಾಡೋಕೆ ಹೇಳಿ. ಅವರಿಗೆ ಎಷ್ಟು ಎತ್ತರ ಬರುತ್ತದೆ ಅಂತ ಆವತ್ತೇ ಬರೆದುಕೊಳ್ಳಿ.